ಹೆಪ್ಪುಗಟ್ಟದ ನೆತ್ತರು ಮತ್ತು ನಮ್ಮ ತಪ್ಪು ತಿಳಿವಳಿಕೆಗಳು

ಗುತ್ತಲಿನಿಂದ ಮದ್ದೂರಿನ ಕಡೆಗಾಗಲಿ ಮಳವಳ್ಳಿಯ ಕಡೆಗಾಗಲಿ ಹೊರಟವರಿಗೆ ದಾರಿಯ ಇಕ್ಕೆಲಗಳಲ್ಲಿಯೂ ಕಾಣುವುದು ನಾಲೆಯ ನೀರನ್ನುಂಡು ಬೆಳೆದ ಕಬ್ಬು ಮತ್ತು ಭತ್ತ. ಕಬ್ಬಿನ ಗದ್ದೆಯೊಳಗೆ ಒಮ್ಮೆಯಾದರೂ ನುಗ್ಗಿ ಬಂದ ಹುಡುಗರಿಗೆ ಅದರ ಗರಿಯ ಅಂಚು ಎಷ್ಟು ಹರಿತವೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೈ, ಕೆನ್ನೆ, ಕಾಲು ಎಲ್ಲೆಂದರಲ್ಲಿ ಗೀರುಗಳು. ಗೀರಿನ ಉದ್ದಕ್ಕೂ ಕೆಂಪು ಮಣಿಗಳಂತೆ ನೆತ್ತರಿನ ಹನಿಗಳು. ಅದಕ್ಕಾಗಿ ಯಾರೂ ಗಾಬರಿಗೊಳ್ಳುವುದಿಲ್ಲ. ನಾಲೆಯಲ್ಲಿ ಕೈಕಾಲು ತೊಳೆದು ಮನೆ ಸೇರುವಷ್ಟರಲ್ಲಿ ನೆತ್ತರು ತಾನಾಗಿಯೇ ನಿಂತಿರುತ್ತದೆ.

ಈ ಹುಡುಗರ ಗುಂಪಿನಲ್ಲಿ ಹಿಮೋಫಿಲಿಯಾ, ಅಂದರೆ ಕನ್ನಡದಲ್ಲಿ ಕುಸುಮರೋಗವೆಂದು ಕರೆಯುವ ಕಾಯಿಲೆಯುಳ್ಳ ಬಾಲಕನೊಬ್ಬನಿದ್ದಾನೆಂದು ಊಹಿಸಿಕೊಳ್ಳೋಣ. ಅವನಿಗೂ ಗರಿ ಗೀರುತ್ತದೆ. ಸಣ್ಣ ಗೀರಾದರೆ ಅವನ ನೆತ್ತರೂ ಮಿಕ್ಕವರದರಂತೆಯೇ ನಿಲ್ಲುತ್ತದೆ. ಆದರೆ ಅದೇ ದಿನ ಬದುವಿನಿಂದ ಹಾರಿದಾಗ ಮೊಣಕಾಲಿಗೆ ಒಂದು ಸಣ್ಣ ಪೆಟ್ಟು ತಗುಲಿದ್ದರೆ, ರಾತ್ರಿ ಕಳೆದು ಬೆಳಗಾಗುವುದರೊಳಗೆ ಆ ಮೊಣಕಾಲು ತೆಂಗಿನಕಾಯಿಯಂತೆ ಊದಿ, ಬಿಸಿಯೇರಿ, ಮಡಿಸಲೂ ನೀಡಲೂ ಆಗದಂತಾಗುತ್ತದೆ. ಹೊರಗೆ ಒಂದು ಹನಿ ನೆತ್ತರೂ ಇಲ್ಲ. ಮನೆಯವರು ಇದನ್ನು ಉಳುಕೆಂದು ಬಗೆದು ಹರಳೆಣ್ಣೆ ಹಚ್ಚಿ ನೀವಿಸುತ್ತಾರೆ. ನೀವಿದಷ್ಟೂ ಒಳಗಿನ ರಕ್ತಸ್ರಾವ ಹೆಚ್ಚುತ್ತದೆ. ಶಾಲೆಯಲ್ಲಿ, "ನಿನ್ನೆ ಕುಣಿಯುತ್ತಿದ್ದವನು ಇಂದು ಕುಂಟುವ ನಟನೆ ಮಾಡುತ್ತಾನೆ" ಎಂಬ ಮಾತು ಹುಟ್ಟುತ್ತದೆ.

ಗೀರಿದರೆ ನಿಲ್ಲುವ ನೆತ್ತರು ಕೀಲಿನೊಳಗೆ ಏಕೆ ನಿಲ್ಲದು? ಈ ಒಂದು ಪ್ರಶ್ನೆಗೆ ಉತ್ತರ ತಿಳಿದವನು ಈ ರೋಗದ ತಿರುಳನ್ನು ತಿಳಿದಂತೆ. ಅಷ್ಟೇ ಅಲ್ಲ, ಈ ರೋಗದಿಂದ ಆಗುವ ಕೇಡಿನಲ್ಲಿ ಒಂದು ಪಾಲು ರಕ್ತದಲ್ಲಿನ ಕೊರತೆಯಿಂದಾದರೆ, ಇನ್ನೊಂದು ಪಾಲು ನಮ್ಮ ತಿಳಿವಳಿಕೆಯಲ್ಲಿನ ಕೊರತೆಯಿಂದ ಆಗುತ್ತಿದೆಯೆಂಬುದು ನನ್ನ ಅಭಿಪ್ರಾಯ. ಮೊದಲನೆಯ ಕೊರತೆಯನ್ನು ತುಂಬುವುದು ವೈದ್ಯರ ಕೆಲಸ. ಎರಡನೆಯದನ್ನು ತುಂಬುವುದು ವಿದ್ಯಾವಂತರೆಲ್ಲರ ಕೆಲಸ. ಹೈಸ್ಕೂಲು, ಕಾಲೇಜುಗಳಲ್ಲಿ ಓದುತ್ತಿರುವ ತರುಣ ವಾಚಕರು ಈ ಎರಡನೆಯ ಕೆಲಸಕ್ಕೆ ಎಲ್ಲರಿಗಿಂತ ಹೆಚ್ಚು ತಕ್ಕವರು.

ನೆತ್ತರು ನಿಲ್ಲುವ ಬಗೆ

'ಹೆಪ್ಪುಗಟ್ಟುವುದು' ಎಂಬ ನಮ್ಮ ಮಾತು ಹಾಲಿನಿಂದ ಬಂದುದು. ಹಾಲಿಗೆ ಹೆಪ್ಪು ಹಾಕಿದರೆ ಬೆಳಗಾಗುವುದರೊಳಗೆ ಅದು ಮೊಸರಾಗುತ್ತದೆ. ಆದರೆ ಹಾಲಿಗೆ ಹೆಪ್ಪನ್ನು ಹೊರಗಿನಿಂದ ಹಾಕಬೇಕು. ನೆತ್ತರಿನ ಹೆಪ್ಪಾದರೋ ನೆತ್ತರಿನಲ್ಲಿಯೇ ನಿದ್ರಿಸುತ್ತಿರುತ್ತದೆ. ಅದು ಸದಾ ಎಚ್ಚತ್ತಿದ್ದರೆ ನಾಳಗಳೊಳಗೇ ರಕ್ತ ಗಟ್ಟಿಯಾಗಿ ನಾವು ಬದುಕುತ್ತಿರಲಿಲ್ಲ. ಎಂದಿಗೂ ಏಳದಿದ್ದರೆ ಮೊದಲ ಪೆಟ್ಟಿಗೇ ಬರಿದಾಗುತ್ತಿದ್ದೆವು. ಬೇಕಾದೆಡೆಯಲ್ಲಿ, ಬೇಕಾದಾಗ, ಬೇಕಾದಷ್ಟು ಮಾತ್ರ ಏಳುವುದೇ ಅದರ ಗುಟ್ಟು.

ನಾಳವೊಂದು ಹರಿದೊಡನೆ ಮೂರು ಕೆಲಸಗಳು ನಡೆಯುತ್ತವೆ. ಮೊದಲು ನಾಳವೇ ಕುಗ್ಗಿ ಬಿರುಕನ್ನು ಕಿರಿದುಮಾಡುತ್ತದೆ. ಎರಡನೆಯದಾಗಿ ರಕ್ತದಲ್ಲಿರುವ ಕಿರುಬಿಲ್ಲೆಗಳು, ಅಂದರೆ ಪ್ಲೇಟ್‌ಲೆಟ್‌ಗಳು, ಬಿರುಕಿಗೆ ಮುತ್ತಿ ಒಂದರ ಮೇಲೊಂದು ಅಂಟಿಕೊಂಡು ಬಿರಡೆ ಹಾಕುತ್ತವೆ. ಒಂದು ಘನ ಮಿಲಿಮೀಟರು ರಕ್ತದಲ್ಲಿ ಇವು ಒಂದೂವರೆ ಲಕ್ಷದಿಂದ ನಾಲ್ಕು ಲಕ್ಷದವರೆಗೆ ಇರುತ್ತವೆ. ಮೂರನೆಯದಾಗಿ ರಕ್ತರಸದಲ್ಲಿ ಕರಗಿರುವ ಫೈಬ್ರಿನೋಜೆನ್ ಎಂಬ ಪ್ರೋಟೀನು ಫೈಬ್ರಿನ್ ಎಂಬ ನೂಲಾಗಿ ಮಾರ್ಪಟ್ಟು, ಕಿರುಬಿಲ್ಲೆಗಳ ಬಿರಡೆಯ ಮೇಲೂ ಒಳಗೂ ಬಲೆಯಂತೆ ಹೆಣೆದುಕೊಳ್ಳುತ್ತದೆ. ಕಿರುಬಿಲ್ಲೆಗಳ ಬಿರಡೆ ಬರಿಯ ಇಟ್ಟಿಗೆಯ ಗೋಡೆ. ಫೈಬ್ರಿನ್ ಅದಕ್ಕೆ ಗಾರೆ. ಗಾರೆಯಿಲ್ಲದ ಗೋಡೆ ಸ್ವಲ್ಪ ಹೊತ್ತು ನಿಂತೀತು; ಒತ್ತಡ ಬಿದ್ದಾಗ ಉರುಳುವುದು.

ಕಬ್ಬಿನ ಗರಿಯ ಗೀರಿನಂಥ ಮೇಲ್ಮೈಯ ಗಾಯಕ್ಕೆ ಕಿರುಬಿಲ್ಲೆಗಳ ಬಿರಡೆಯೇ ಬಹುಮಟ್ಟಿಗೆ ಸಾಕು. ಆದುದರಿಂದಲೇ ಕುಸುಮರೋಗದ ಹುಡುಗನ ಗೀರು ನಿಲ್ಲುತ್ತದೆ. ಅವನಿಗೆ ಕೊರತೆಯಿರುವುದು ಇಟ್ಟಿಗೆಯಲ್ಲಲ್ಲ, ಗಾರೆಯಲ್ಲಿ.

ಜಲಪಾತದ ಹೋಲಿಕೆ

ಫೈಬ್ರಿನಿನ ಬಲೆಯನ್ನು ನೇಯುವುದಕ್ಕೆ ರಕ್ತರಸದಲ್ಲಿ ಹಲವು ಘಟಕಗಳುಂಟು. ಇವನ್ನು ಒಂದರಿಂದ ಹದಿಮೂರರವರೆಗೆ ಅಂಕೆಯಿಟ್ಟು ಕರೆಯುವುದು ರೂಢಿ. ೬ನೆಯ ಘಟಕವೆಂಬುದು ಮಾತ್ರ ಇಲ್ಲ. ಹಾಗೆ ಹೆಸರಿಸಿದ್ದ ವಸ್ತುವು ಚುರುಕುಗೊಂಡ ೫ನೆಯ ಘಟಕವೇ ಎಂಬುದು ತಿಳಿದ ಮೇಲೆ ಆ ಅಂಕೆಯನ್ನು ಕೈಬಿಡಲಾಯಿತು. ಇವುಗಳಲ್ಲಿ ಹೆಚ್ಚಿನವು ನಿದ್ರಿಸುವ ಕಿಣ್ವಗಳು. ಒಂದು ಎಚ್ಚತ್ತು ಮುಂದಿನದನ್ನು ಎಬ್ಬಿಸುತ್ತದೆ. ಅದು ತನ್ನ ಮುಂದಿನದನ್ನು.

೧೯೬೪ರಲ್ಲಿ ಇಂಗ್ಲೆಂಡಿನ ಮ್ಯಾಕ್‌ಫರ್ಲೇನ್ ಎಂಬ ವಿಜ್ಞಾನಿಯೂ ಅಮೆರಿಕದ ಡೇವಿ ಮತ್ತು ರ‍್ಯಾಟ್ನಾಫ್ ಎಂಬ ಇಬ್ಬರು ವಿಜ್ಞಾನಿಗಳೂ ಈ ಸಾಲನ್ನು ಬೇರೆ ಬೇರೆಯಾಗಿ ವಿವರಿಸಿದರು. ಸೋಜಿಗವೆಂದರೆ ಇಬ್ಬರೂ ಆರಿಸಿಕೊಂಡ ಹೋಲಿಕೆ ಮೆಟ್ಟಲು ಮೆಟ್ಟಲಾಗಿ ಧುಮುಕುವ ಜಲಪಾತದ್ದು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಗಗನಚುಕ್ಕಿಯನ್ನು ಕಂಡವರಿಗೆ ಈ ಹೋಲಿಕೆ ಕೂಡಲೇ ಮನಸ್ಸಿಗೆ ಹಿಡಿಯುತ್ತದೆ. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಮೇಲಿನಿಂದ ಬಿದ್ದಷ್ಟೇ ನೀರು ಕೆಳಗೆ ಬರುತ್ತದೆ. ನಾಲೆಯಲ್ಲಾದರೆ ಕೊನೆಯ ಗದ್ದೆಗೆ ಬರುವಾಗ ನೀರು ಇನ್ನೂ ಕಡಿಮೆ. ರಕ್ತದಲ್ಲಿ ನಡೆಯುವುದು ಇದಕ್ಕೆ ತಿರುಗುಮುರುಗು. ಎಚ್ಚತ್ತ ಒಂದು ಅಣು ಮುಂದಿನ ಮೆಟ್ಟಲಿನ ಅನೇಕ ಅಣುಗಳನ್ನು ಎಬ್ಬಿಸುವುದರಿಂದ, ಮೇಲೆ ಹನಿಯಾಗಿದ್ದುದು ಕೆಳಗೆ ಹೊಳೆಯಾಗುತ್ತದೆ.

ಇಂದಿನ ತಿಳಿವಳಿಕೆಯಂತೆ ಕೆಲಸ ಎರಡು ಹಂತಗಳಲ್ಲಿ ನಡೆಯುತ್ತದೆ. ನಾಳದ ಹೊರಗಿನ ಊತಕಗಳಲ್ಲಿ 'ಊತಕ ಘಟಕ' ಎಂಬ ವಸ್ತುವಿದೆ. ನಾಳ ಹರಿದು ರಕ್ತಕ್ಕೆ ಇದು ಸೋಂಕಿದೊಡನೆ ೭ನೆಯ ಘಟಕವು ಇದರೊಡನೆ ಕೂಡಿ ೧೦ನೆಯದನ್ನು ಎಬ್ಬಿಸುತ್ತದೆ. ಅದರಿಂದ ಥ್ರಾಂಬಿನ್ ಎಂಬ ಕಿಣ್ವ ಸ್ವಲ್ಪಮಾತ್ರ ಹುಟ್ಟುತ್ತದೆ. ಇದು ಕಿಡಿ. ದೇಹವು ಈ ದಾರಿಯನ್ನು ಬೇಗನೆ ಮುಚ್ಚಿಬಿಡುತ್ತದೆ. ಅಷ್ಟರಲ್ಲಿ ಆ ಕಿಡಿಯಿಂದ ೮ ಮತ್ತು ೯ನೆಯ ಘಟಕಗಳು ಚುರುಕುಗೊಂಡು, ಕಿರುಬಿಲ್ಲೆಗಳ ಮೈಮೇಲೆ ಜೊತೆಗೂಡಿ, ೧೦ನೆಯ ಘಟಕವನ್ನು ರಾಶಿರಾಶಿಯಾಗಿ ಎಬ್ಬಿಸುತ್ತವೆ. ಇದು ಉರಿ. ೯ನೆಯದು ಕಿಣ್ವ, ೮ನೆಯದು ಅದರ ಸಹಾಯಕ. ಸಹಾಯಕ ಜೊತೆಗಿದ್ದರೆ ಕಿಣ್ವದ ವೇಗ ಲಕ್ಷ ಮಡಿಯ ಲೆಕ್ಕದಲ್ಲಿ ಏರುತ್ತದೆ. ಆಗ ಹುಟ್ಟುವ ಥ್ರಾಂಬಿನಿನ ಪ್ರವಾಹವೇ ಫೈಬ್ರಿನೋಜೆನನ್ನು ಬಲೆಯಾಗಿಸುವುದು. ಕೊನೆಗೆ ೧೩ನೆಯ ಘಟಕವು ಆ ಬಲೆಯ ನೂಲುಗಳನ್ನು ಒಂದಕ್ಕೊಂದು ಹೊಲಿದು ಗಟ್ಟಿಮಾಡುತ್ತದೆ.

ಈಗ ನಮ್ಮ ಪ್ರಶ್ನೆಗೆ ಉತ್ತರ ದೊರೆಯಿತು. ೮ ಅಥವಾ ೯ನೆಯ ಘಟಕವಿಲ್ಲದವನಲ್ಲಿ ಕಿಡಿಯುಂಟು, ಉರಿಯಿಲ್ಲ. ಚರ್ಮದಲ್ಲಿ ಊತಕ ಘಟಕ ಹೇರಳವಾಗಿರುವುದರಿಂದ ಅಲ್ಲಿ ಕಿಡಿಯೇ ಸಾಕಾಗುತ್ತದೆ. ಕೀಲುಗಳಲ್ಲಿ, ಸ್ನಾಯುಗಳಲ್ಲಿ ಆ ವಸ್ತು ವಿರಳ. ಅಲ್ಲಿ ಉರಿಯೇ ಬೇಕು. ಆದುದರಿಂದ ಅವನ ನೆತ್ತರು ಮಿಕ್ಕವರದಕ್ಕಿಂತ ಜೋರಾಗಿ ಸುರಿಯುವುದಿಲ್ಲ, ಹೆಚ್ಚು ಹೊತ್ತು ಒಸರುತ್ತದೆ. ನಿಂತಂತೆ ಕಂಡು ಕೆಲವು ಗಂಟೆಗಳ ಮೇಲೆ ಮತ್ತೆ ತೊಡಗುತ್ತದೆ. ಮೊಣಕಾಲು, ಹರಡು, ಮೊಣಕೈಗಳಲ್ಲಿ ಹೀಗೆ ಮತ್ತೆ ಮತ್ತೆ ರಕ್ತ ತುಂಬಿದರೆ, ಅದರಲ್ಲಿನ ಕಬ್ಬಿಣದಿಂದ ಕೀಲಿನ ಒಳಪೊರೆ ಕೆರಳಿ ದಪ್ಪವಾಗುತ್ತದೆ, ಮೂಳೆಗಳ ತುದಿಯ ಮೃದ್ವಸ್ಥಿ ಸವೆಯುತ್ತದೆ. ಇಪ್ಪತ್ತು ವರ್ಷ ತುಂಬುವುದರೊಳಗೆ ಎಪ್ಪತ್ತರ ಮುದುಕನ ಮೊಣಕಾಲು! ಮಗು ಕುಂಟುವುದು ನಟನೆಯಲ್ಲ.

ಕೊರತೆಗಳು ಹಲವು

ಒಂದೇ ತೆರನಾಗಿ ಕಾಣುವ ರಕ್ತಸ್ರಾವದ ಹಿಂದೆ ಬೇರೆ ಬೇರೆ ಕೊರತೆಗಳಿರಬಹುದೆಂಬುದು ತಿಳಿದುಬಂದ ಕಥೆ ಸ್ವಾರಸ್ಯವಾದುದು. ೧೯೪೭ರಲ್ಲಿ ಅರ್ಜೆಂಟೈನಾದ ಪಾವ್ಲೋವ್‌ಸ್ಕಿ ಎಂಬ ವೈದ್ಯನು ಇಬ್ಬರು ರೋಗಿಗಳ ಹೆಪ್ಪುಗಟ್ಟದ ರಕ್ತಗಳನ್ನು ಬೆರೆಸಿದಾಗ ಮಿಶ್ರಣ ಹೆಪ್ಪುಗಟ್ಟಿದುದನ್ನು ಕಂಡನು. ಇಬ್ಬರಲ್ಲಿಯೂ ಕೊರತೆ ಒಂದೇ ಆಗಿದ್ದರೆ ಇದು ಸಾಧ್ಯವಿಲ್ಲ. ಒಬ್ಬನಲ್ಲಿಲ್ಲದುದು ಇನ್ನೊಬ್ಬನಲ್ಲಿ ಇದ್ದಿರಲೇಬೇಕು. ೧೯೫೨ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಈ ಎರಡನೆಯ ಬಗೆಯನ್ನು ಖಚಿತಪಡಿಸಿ, ಮೊದಲು ಪರೀಕ್ಷಿಸಿದ ಬಾಲಕನ ಹೆಸರಿನಿಂದ ಅದನ್ನು ಕ್ರಿಸ್‌ಮಸ್ ಕಾಯಿಲೆಯೆಂದು ಕರೆದರು. ಇಂದು ೮ನೆಯ ಘಟಕದ ಕೊರತೆಗೆ ಹಿಮೋಫಿಲಿಯಾ 'ಎ' ಎಂದೂ, ೯ನೆಯದರ ಕೊರತೆಗೆ ಹಿಮೋಫಿಲಿಯಾ 'ಬಿ' ಎಂದೂ ಹೆಸರು. ಮೊದಲನೆಯದು ಸುಮಾರು ೫,೦೦೦ ಗಂಡು ಶಿಶುಗಳಲ್ಲಿ ಒಂದಕ್ಕೆ ಬರುವುದು. ಎರಡನೆಯದು ಅದಕ್ಕಿಂತ ವಿರಳ. ಘಟಕದ ಪ್ರಮಾಣವು ಸಹಜ ಮಟ್ಟದ ಶೇಕಡ ೧ಕ್ಕಿಂತ ಕಡಿಮೆಯಿದ್ದರೆ ರೋಗ ತೀವ್ರ. ೧ರಿಂದ ೫ರವರೆಗೆ ಮಧ್ಯಮ. ೫ರಿಂದ ೪೦ರವರೆಗೆ ಸೌಮ್ಯ. ಸೌಮ್ಯವಾದುದು ಹಲ್ಲು ಕೀಳಿಸುವ ದಿನದವರೆಗೆ ಅಥವಾ ಶಸ್ತ್ರಚಿಕಿತ್ಸೆಯ ದಿನದವರೆಗೆ ಅಡಗಿದ್ದೀತು.

ಇದನ್ನು 'ರಾಜರ ಕಾಯಿಲೆ' ಎಂದು ಕರೆಯುವ ವಾಡಿಕೆಯುಂಟು. ವಿಕ್ಟೋರಿಯಾ ರಾಣಿಯ ಸಂತತಿಯಲ್ಲಿ ಹರಿದ ರೋಗವು ಹಿಮೋಫಿಲಿಯಾ 'ಬಿ' ಎಂದು ೨೦೦೯ರಲ್ಲಿ ರಷ್ಯದ ರಾಜಕುಟುಂಬದ ಅಸ್ಥಿಗಳ ಪರೀಕ್ಷೆಯಿಂದ ತಿಳಿಯಿತು. ಆದರೆ ಈ ರೋಗಕ್ಕೆ ಅರಮನೆಯೂ ಗುಡಿಸಿಲೂ ಒಂದೇ. ರಾಜರ ಮನೆಯಲ್ಲಿ ಅದನ್ನು ಬರೆದಿಟ್ಟವರಿದ್ದರು, ಗುಡಿಸಿಲಿನಲ್ಲಿ ಇರಲಿಲ್ಲ, ವ್ಯತ್ಯಾಸ ಅಷ್ಟೆ.

ಎಲ್ಲಕ್ಕಿಂತ ಸಾಮಾನ್ಯವಾದ ವಂಶಾನುಗತ ಕೊರತೆಯ ಹೆಸರನ್ನು ಮಾತ್ರ ನಮ್ಮಲ್ಲಿ ಕೇಳಿದವರೇ ಕಡಿಮೆ. ಅದು ವಾನ್ ವಿಲ್ಲೆಬ್ರಾಂಡ್ ಕಾಯಿಲೆ. ವಾನ್ ವಿಲ್ಲೆಬ್ರಾಂಡ್ ಘಟಕವು ಕಿರುಬಿಲ್ಲೆಗಳನ್ನು ಗಾಯಕ್ಕೆ ಅಂಟಿಸುವ ಗೋಂದು. ೮ನೆಯ ಘಟಕವನ್ನು ರಕ್ತದಲ್ಲಿ ಹೊತ್ತು ಕಾಪಾಡುವುದೂ ಅದೇ. ಇದರ ಕೊರತೆ ಗಂಡಿಗೂ ಹೆಣ್ಣಿಗೂ ಸಮಾನವಾಗಿ ಬರುತ್ತದೆ. ೧೯೨೬ರಲ್ಲಿ ಫಿನ್‌ಲೆಂಡಿನ ವೈದ್ಯ ವಾನ್ ವಿಲ್ಲೆಬ್ರಾಂಡನು ಇದನ್ನು ಮೊದಲು ವಿವರಿಸಿದುದು ಓಲಂಡ್ ದ್ವೀಪದ ಒಂದು ಪುಟ್ಟ ಹುಡುಗಿಯ ಕುಟುಂಬದಲ್ಲಿ. ಆ ಹುಡುಗಿ ಹರೆಯಕ್ಕೆ ಬಂದ ಹೊಸತರಲ್ಲಿ ಮುಟ್ಟಿನ ರಕ್ತಸ್ರಾವದಿಂದಲೇ ತೀರಿಕೊಂಡಳು. ಸುಮಾರು ನೂರು ವರ್ಷಗಳ ಮೇಲೂ ನಮ್ಮ ಮನೆಗಳಲ್ಲಿ ಹುಡುಗಿಯರು ಅಂಥ ಸ್ರಾವವನ್ನು ನಾಚಿಕೆಯಿಂದ ಮುಚ್ಚಿಟ್ಟುಕೊಂಡು, ರಕ್ತಹೀನತೆಯಿಂದ ಬಿಳಿಚಿಕೊಂಡು, 'ಹೆಣ್ಣಿಗೆ ಇದೆಲ್ಲ ಇದ್ದದ್ದೇ' ಎಂಬ ಮಾತು ಕೇಳಿ ಸುಮ್ಮನಾಗುತ್ತಾರೆ. ಇದ್ದದ್ದೇ ಅಲ್ಲ. ಏಳು ದಿನಗಳಿಗೂ ಮೀರಿ ಹರಿಯುವ ಮುಟ್ಟು, ಕಾರಣವಿಲ್ಲದೆ ಮೂಡುವ ಕಂದುಗಲೆಗಳು, ಮತ್ತೆ ಮತ್ತೆ ಮೂಗಿನಿಂದ ಸುರಿಯುವ ರಕ್ತ—ಇವು ಕೂಡಿ ಬಂದರೆ ರಕ್ತಪರೀಕ್ಷೆ ಮಾಡಿಸಲೇಬೇಕು.

ತಾಯಿಯ ಮೇಲೆ ಹೊರಿಸುವ ತಪ್ಪು

೮ ಮತ್ತು ೯ನೆಯ ಘಟಕಗಳನ್ನು ನಿರ್ಮಿಸುವ ಜೀನುಗಳಿರುವುದು ಎಕ್ಸ್ ಎಂಬ ವರ್ಣತಂತುವಿನ ಮೇಲೆ. ಹೆಣ್ಣಿಗೆ ಎರಡು ಎಕ್ಸ್‌ಗಳು. ಗಂಡಿಗೆ ಒಂದು ಎಕ್ಸ್, ಒಂದು ವೈ. ತಾಯಿಯ ಎರಡರಲ್ಲಿ ಒಂದು ಕೆಟ್ಟಿದ್ದರೆ ಇನ್ನೊಂದು ಅವಳನ್ನು ಬಹುಮಟ್ಟಿಗೆ ಕಾಯುತ್ತದೆ. ಕೆಟ್ಟ ಎಕ್ಸ್ ಮಗನಿಗೆ ಬಂದರೆ ಅವನನ್ನು ಕಾಯಲು ಎರಡನೆಯದಿಲ್ಲ. ಪ್ರತಿಯೊಂದು ಬಸಿರಿನಲ್ಲಿಯೂ ಹುಟ್ಟುವುದು ಗಂಡಾದರೆ ರೋಗ ಬರುವ ಸಂಭವ ಅರ್ಧಕ್ಕರ್ಧ. ಹೆಣ್ಣಾದರೆ ವಾಹಕಿಯಾಗುವ ಸಂಭವವೂ ಅಷ್ಟೇ. ರೋಗವುಳ್ಳ ತಂದೆಯ ಹೆಣ್ಣುಮಕ್ಕಳೆಲ್ಲರೂ ವಾಹಕಿಯರು. ತಂದೆಯಿಂದ ಗಂಡುಮಕ್ಕಳಿಗೆ ಬರುವುದು ವೈ ಆದುದರಿಂದ ಅವರಿಗೆ ತಂದೆಯ ರೋಗ ಬಾರದು.

ಇಷ್ಟನ್ನು ಅರ್ಧಂಬರ್ಧ ತಿಳಿದವರು "ರೋಗ ತಾಯಿಯ ಕಡೆಯದು" ಎಂದು ತೀರ್ಪು ಕೊಟ್ಟು ಸೊಸೆಯನ್ನು ಹಂಗಿಸುತ್ತಾರೆ. ಈ ತೀರ್ಪು ಕ್ರೂರವಷ್ಟೇ ಅಲ್ಲ, ತಪ್ಪು ಕೂಡ. ಸುಮಾರು ಮೂರನೆಯ ಒಂದು ಪಾಲು ರೋಗಿಗಳ ಮನೆತನದಲ್ಲಿ ಹಿಂದೆ ಯಾರಿಗೂ ಈ ರೋಗವಿರುವುದಿಲ್ಲ. ಜೀನಿನಲ್ಲಿ ಹೊಸದಾಗಿ ಉಂಟಾದ ಒಂದು ಮಾರ್ಪಾಟೇ ಅದಕ್ಕೆ ಕಾರಣ. ಇನ್ನು, ತನಗೆ ಬಂದ ವರ್ಣತಂತುವನ್ನು ಯಾರೂ ಆರಿಸಿಕೊಂಡು ಹುಟ್ಟುವುದಿಲ್ಲ. ಮಗನಿಗೆ ಮೈಬಣ್ಣವನ್ನು ಕೊಟ್ಟದ್ದು ತಪ್ಪಲ್ಲವಾದರೆ ಇದೂ ತಪ್ಪಲ್ಲ.

ದೂಷಿಸುವುದರಲ್ಲಿ ಇಷ್ಟು ಉತ್ಸಾಹ ತೋರುವ ನಾವು ಆ ತಾಯಿಯ ರಕ್ತವನ್ನು ಪರೀಕ್ಷಿಸುವುದನ್ನು ಮರೆಯುತ್ತೇವೆ. ಹೆಣ್ಣಿನ ಒಂದೊಂದು ಜೀವಕಣದಲ್ಲಿಯೂ ಎರಡು ಎಕ್ಸ್‌ಗಳಲ್ಲಿ ಒಂದು ಮೌನವಾಗಿರುತ್ತದೆಂದು ೧೯೬೧ರಲ್ಲಿ ಮೇರಿ ಲಯನ್ ಎಂಬ ವಿಜ್ಞಾನಿ ತೋರಿಸಿಕೊಟ್ಟಳು. ಒಳ್ಳೆಯ ಎಕ್ಸ್ ಹೆಚ್ಚಿನ ಕಣಗಳಲ್ಲಿ ಮೌನವಾಗಿಬಿಟ್ಟರೆ ವಾಹಕಿಯಲ್ಲಿಯೂ ಘಟಕದ ಮಟ್ಟ ಶೇಕಡ ೪೦ಕ್ಕಿಂತ ಕೆಳಗಿಳಿಯುತ್ತದೆ. ಅಂಥವಳಿಗೆ ಹೆರಿಗೆಯಲ್ಲಿ, ಶಸ್ತ್ರಚಿಕಿತ್ಸೆಯಲ್ಲಿ ಪ್ರಾಣಾಪಾಯವುಂಟು. ಮಗನ ಮೊಣಕಾಲಿಗಾಗಿ ಆಸ್ಪತ್ರೆಗಳನ್ನು ಸುತ್ತುವ ಮನೆಯವರು ಮಗಳ ಮದುವೆಗೆ ಮೊದಲು ಅವಳ ಘಟಕದ ಮಟ್ಟವನ್ನು ಅಳೆಯಿಸುವುದಿಲ್ಲ. 'ಹೇಳಿದರೆ ಗಂಡು ಸಿಕ್ಕುವುದಿಲ್ಲ' ಎಂಬ ಅಂಜಿಕೆ. ಈ ಮೌನವೇ ಮುಂದೆ ಹೆರಿಗೆಯ ಕೋಣೆಯಲ್ಲಿ ಮೃತ್ಯುವಾಗಬಹುದು. ರೋಗಿಯ ಅಕ್ಕತಂಗಿಯರನ್ನೂ ತಾಯಿಯನ್ನೂ ಪರೀಕ್ಷಿಸದೆ ರೋಗಿಯ ಚಿಕಿತ್ಸೆ ಪೂರ್ಣವಾಯಿತೆಂದು ಹೇಳುವುದು ಸರಿಯಲ್ಲವೆಂದು ನಾನು ಒತ್ತಿ ಹೇಳಬಯಸುತ್ತೇನೆ.

ನಂಟಿನೊಳಗಣ ಮದುವೆ

ನಮ್ಮ ಸೀಮೆಯಲ್ಲಿ ಅಕ್ಕನ ಮಗಳನ್ನು ತರುವುದು, ಸೋದರತ್ತೆಯ ಮಗನಿಗೆ ಕೊಡುವುದು ಹಳೆಯ ಪದ್ಧತಿ. ೧೯೮೦ರ ದಶಕದಲ್ಲಿ ಬೆಂಗಳೂರು, ಮೈಸೂರುಗಳ ನವಜಾತ ಶಿಶುಗಳನ್ನು ಕುರಿತು ನಡೆದ ದೊಡ್ಡ ಅಧ್ಯಯನವೊಂದರಲ್ಲಿ ಸುಮಾರು ಮೂರನೆಯ ಒಂದು ಪಾಲು ತಂದೆತಾಯಿಗಳು ರಕ್ತಸಂಬಂಧಿಗಳಾಗಿದ್ದರು. ಈ ಪದ್ಧತಿಯೇ ಕುಸುಮರೋಗಕ್ಕೆ ಕಾರಣವೆಂದು ಕೆಲವರು ಹೇಳುವುದುಂಟು. ವಿಜ್ಞಾನದ ಹೆಸರಿನಲ್ಲಿ ಅತಿಯಾಗಿ ಹೇಳುವುದೂ ತಪ್ಪೇ. ಆದುದರಿಂದ ಇಲ್ಲಿ ಸ್ವಲ್ಪ ನಿಧಾನಿಸಬೇಕು.

ಹಿಮೋಫಿಲಿಯಾ ಎ ಮತ್ತು ಬಿ ಮಗನಿಗೆ ಬರಲು ತಾಯಿಯೊಬ್ಬಳ ಎಕ್ಸ್ ಸಾಕು. ಗಂಡ ನಂಟನಾದರೂ ಪರಕೀಯನಾದರೂ ಮಗನ ಮಟ್ಟಿಗೆ ಒಂದೇ. ಆದರೆ ರೋಗವುಳ್ಳವನು ತನ್ನ ಅಕ್ಕನ ಮಗಳನ್ನು ಮದುವೆಯಾದರೆ ಆಗುವುದು ಬೇರೆ. ಅವನ ತಾಯಿ ವಾಹಕಿಯಾಗಿದ್ದರೆ ಅಕ್ಕ ವಾಹಕಿಯಾಗಿರುವ ಸಂಭವ ಎರಡರಲ್ಲೊಂದು, ಅಕ್ಕನ ಮಗಳದು ನಾಲ್ಕರಲ್ಲೊಂದು. ಅವಳು ವಾಹಕಿಯೇ ಆಗಿದ್ದರೆ ಅವರ ಹೆಣ್ಣುಮಕ್ಕಳಿಗೂ ರೋಗವೇ ಬರುವ ಸಂಭವ ಅರ್ಧಕ್ಕರ್ಧ.

೫, ೭, ೧೦, ೧೩ನೆಯ ಘಟಕಗಳ ಕೊರತೆಯ ಮತ್ತು ವಾನ್ ವಿಲ್ಲೆಬ್ರಾಂಡ್ ಕಾಯಿಲೆಯ ತೀವ್ರ ರೂಪದ ವಿಷಯದಲ್ಲಾದರೋ ನಂಟಿನ ಮದುವೆಯ ಪಾತ್ರ ನೇರವಾದುದು. ಇವು ತೋರಬೇಕಾದರೆ ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನು ಬರಬೇಕು. ಅಂಥ ಜೀನು ವಿರಳ. ಪರಕೀಯರಿಬ್ಬರಲ್ಲಿ ಅದೇ ಇರುವ ಸಂಭವ ತೀರ ಕಡಿಮೆ. ಆದರೆ ಒಂದೇ ಅಜ್ಜಿಯಿಂದ ಇಳಿದುಬಂದವರಲ್ಲಿ ಅದು ಜೊತೆಗೂಡುವುದು ಸುಲಭ. ಸೋದರಮಾವ–ಸೊಸೆಯ ದಾಂಪತ್ಯದ ಮಗುವಿನಲ್ಲಿ ಯಾವುದೇ ಜೀನಿನ ಎರಡು ಪ್ರತಿಗಳೂ ಒಂದೇ ಪೂರ್ವಜರಿಂದ ಬಂದಿರುವ ಸಂಭವ ಎಂಟರಲ್ಲೊಂದು. ಅತ್ತೆಮಾವಂದಿರ ಮಕ್ಕಳ ದಾಂಪತ್ಯದಲ್ಲಿ ಹದಿನಾರರಲ್ಲೊಂದು. ಹೊಕ್ಕುಳು ಬಿದ್ದೆಡೆಯಲ್ಲಿ ದಿನಗಟ್ಟಲೆ ರಕ್ತ ಒಸರುವ ಹಸುಗೂಸಿನಲ್ಲಿ ೧೩ನೆಯ ಘಟಕದ ಕೊರತೆಯನ್ನು ಶಂಕಿಸಬೇಕು. ಸಾಮಾನ್ಯವಾದ ಹೆಪ್ಪುಪರೀಕ್ಷೆಗಳಲ್ಲಿ ಅದು ಸಿಕ್ಕಿಬೀಳುವುದಿಲ್ಲ; ಬೇರೆಯೇ ಪರೀಕ್ಷೆ ಬೇಕು.

ಗದ್ದೆಯ ಬದುವಿನ ಹಾವು

ಘಟಕಗಳ ಕೊರತೆ ಹುಟ್ಟಿನಿಂದಲೇ ಬರಬೇಕೆಂದಿಲ್ಲ. ಮಂಡ್ಯ ಸೀಮೆಯ ರೈತನಿಗೆ ಅದು ಒಂದೇ ಗಂಟೆಯಲ್ಲಿ ಬರಬಹುದು. ಕೊಳಕುಮಂಡಲವೆಂಬ ಹಾವಿನ ವಿಷವು ೧೦ ಮತ್ತು ೫ನೆಯ ಘಟಕಗಳನ್ನು ಒಮ್ಮೆಲೇ ಎಬ್ಬಿಸಿಬಿಡುತ್ತದೆ. ಜಲಪಾತದ ಬಾಗಿಲುಗಳೆಲ್ಲವನ್ನೂ ಒಟ್ಟಿಗೆ ತೆರೆದಂತಾಗಿ ದೇಹದ ಫೈಬ್ರಿನೋಜೆನ್ ಎಲ್ಲ ವ್ಯರ್ಥವಾಗಿ ಖರ್ಚಾಗುತ್ತದೆ. ಆಮೇಲೆ ಉಳಿಯುವುದು ಹೆಪ್ಪುಗಟ್ಟಲಾರದ ನೆತ್ತರು. ಒಸಡು, ಮೂತ್ರ, ಕಚ್ಚಿದ ಗಾಯ ಎಲ್ಲೆಡೆಯೂ ಸ್ರಾವ. ಇದನ್ನು ಕಂಡುಹಿಡಿಯಲು ದೊಡ್ಡ ಯಂತ್ರ ಬೇಡ. ಶುಚಿಯಾದ, ಒಣಗಿದ ಗಾಜಿನ ನಳಿಗೆಯಲ್ಲಿ ೨ ಮಿಲಿಲೀಟರು ರಕ್ತವನ್ನು ೨೦ ನಿಮಿಷ ಅಲುಗಿಸದೆ ಇಟ್ಟು ಓರೆಮಾಡಿ ನೋಡಿದರೆ ಸಾಕು. ಹರಿದರೆ ವಿಷ ಏರಿದೆಯೆಂದರ್ಥ. ಇದಕ್ಕೆ ಮದ್ದು ಪ್ರತಿವಿಷವೇ ಹೊರತು ಘಟಕಗಳಲ್ಲ. ವಿಷವನ್ನು ಅಡಗಿಸದೆ ಘಟಕ ತುಂಬಿದರೆ ಅದೂ ಖರ್ಚಾಗಿಹೋಗುತ್ತದೆ. ೨೦೨೪ರ ಫೆಬ್ರುವರಿಯಲ್ಲಿ ಕರ್ನಾಟಕ ಸರಕಾರವು ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿಮಾಡಬೇಕಾದ ರೋಗವೆಂದು ಸಾರಿದುದು ಒಳ್ಳೆಯ ಕೆಲಸ.

ವಿಜ್ಞಾನದ ಇತಿಹಾಸದಲ್ಲಿ ಈ ಹಾವಿಗೂ ಕುಸುಮರೋಗಕ್ಕೂ ಒಂದು ನಂಟುಂಟು. ಮೇಲೆ ಹೇಳಿದ ಮ್ಯಾಕ್‌ಫರ್ಲೇನನೇ ೧೯೩೪ರಲ್ಲಿ ಇದರ ವಿಷವನ್ನು ಬಹಳ ತೆಳುಮಾಡಿ ಕುಸುಮರೋಗಿಗಳ ಗಾಯದ ಮೇಲಿಟ್ಟು ರಕ್ತ ನಿಲ್ಲಿಸಬಹುದೆಂದು ತೋರಿಸಿದನು. ೮ ಮತ್ತು ೯ನೆಯ ಮೆಟ್ಟಲುಗಳಿಲ್ಲದವನಲ್ಲಿಯೂ ವಿಷವು ನೇರವಾಗಿ ೧೦ನೆಯ ಮೆಟ್ಟಲಿಗೆ ಹಾರುತ್ತದೆ. ಅದೇ ಅದರ ರಹಸ್ಯ.

ಮುಂಚೆಯೋ, ಆಮೇಲೆಯೋ?

ಕೊರತೆಯಿರುವುದನ್ನು ತುಂಬುವುದೇ ಚಿಕಿತ್ಸೆಯ ಸೂತ್ರ. ಮೊದಲು ರಕ್ತವನ್ನೂ ರಕ್ತರಸವನ್ನೂ ಕೊಡುತ್ತಿದ್ದರು. ೧೯೬೪ರಲ್ಲಿ ಅಮೆರಿಕದ ಜ್ಯೂಡಿತ್ ಪೂಲ್ ಎಂಬ ವಿಜ್ಞಾನಿಯು ಹೆಪ್ಪುಗಟ್ಟಿಸಿದ ರಕ್ತರಸವನ್ನು ಮೆಲ್ಲಗೆ ಕರಗಿಸಿದಾಗ ತಳದಲ್ಲುಳಿಯುವ ಗಷ್ಟಿನಲ್ಲಿ ೮ನೆಯ ಘಟಕ ದಟ್ಟವಾಗಿರುವುದನ್ನು ಕಂಡಳು. ಆಮೇಲೆ ಪುಡಿಯ ರೂಪದ ಘಟಕಗಳು ಬಂದವು. ಸಾವಿರಾರು ದಾನಿಗಳ ರಕ್ತರಸವನ್ನು ಒಟ್ಟುಗೂಡಿಸಿ ತಯಾರಿಸಿದುದರಿಂದ ೧೯೮೦ರ ದಶಕದಲ್ಲಿ ಎಚ್.ಐ.ವಿ. ಸೋಂಕು ಹರಡಿ ಅನೇಕ ರೋಗಿಗಳು ಮಡಿದರು. ಆ ದುರಂತದಿಂದ ಪಾಠ ಕಲಿತು, ಕಾಯಿಸಿ ಶುದ್ಧಿಮಾಡಿದ ಘಟಕಗಳೂ ಮನುಷ್ಯ ರಕ್ತದ ಸೋಂಕೇ ಇಲ್ಲದೆ ಜೀವಕಣಗಳಲ್ಲಿ ಬೆಳೆಸಿದ ಘಟಕಗಳೂ ಬಳಕೆಗೆ ಬಂದಿವೆ. ೮ನೆಯ ಘಟಕಕ್ಕೆ ಬದಲಾಗಿ ೯ ಮತ್ತು ೧೦ನ್ನು ಜೊತೆಗೂಡಿಸುವ ಎಮಿಸಿಜುಮ್ಯಾಬ್ ಎಂಬ ಪ್ರತಿಕಾಯವನ್ನು ಚರ್ಮದಡಿಯಲ್ಲಿ ಚುಚ್ಚುವುದೂ ಸಾಧ್ಯವಾಗಿದೆ. ೨೦೨೪ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು, ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಸಂಬಂಧದಲ್ಲಿ ಕೆಲಸಮಾಡುವ ತಮ್ಮ ಸಂಶೋಧನ ಕೇಂದ್ರದ ನೆರವಿನಿಂದ, ತೀವ್ರ ಹಿಮೋಫಿಲಿಯಾ 'ಎ' ಉಳ್ಳ ಐವರಿಗೆ ಸರಿಯಾದ ಜೀನನ್ನು ಸೇರಿಸಿ ರಕ್ತಸ್ರಾವವನ್ನು ತಡೆದ ವರದಿಯನ್ನು ಪ್ರಕಟಿಸಿದರು. ನಮ್ಮ ನೆರೆಯಲ್ಲಿಯೇ ಇಂಥ ಕೆಲಸ ನಡೆದಿರುವುದು ಹೆಮ್ಮೆಯ ಸಂಗತಿ.

ಆದರೆ ಮದ್ದು ಇದೆಯೆಂಬುದು ಬೇರೆ, ಹೊತ್ತಿಗೆ ಸರಿಯಾಗಿ ಸಿಕ್ಕುವುದು ಬೇರೆ. ೮ನೆಯ ಘಟಕವ‌ು ರಕ್ತದಲ್ಲಿ ಸುಮಾರು ೮ರಿಂದ ೧೨ ಗಂಟೆಗಳಲ್ಲಿ ಅರ್ಧವಾಗುತ್ತದೆ. ಆದುದರಿಂದ ಒಮ್ಮೆ ಕೊಟ್ಟರೆ ಸಾಲದು, ವಾರಕ್ಕೆ ಎರಡು ಮೂರು ಸಲ ಬೇಕು. ೧೯೫೮ರಲ್ಲಿಯೇ ಸ್ವೀಡನ್ನಿನಲ್ಲಿ ಇಂಗಾ ಮರೀ ನಿಲ್ಸನ್ ಎಂಬ ವೈದ್ಯೆಯು ರಕ್ತ ಸ್ರವಿಸುವ ಮೊದಲೇ ಘಟಕವನ್ನು ಕ್ರಮವಾಗಿ ಕೊಡುವ ಪದ್ಧತಿಯನ್ನು ತೊಡಗಿದಳು. ಮಟ್ಟವು ಶೇಕಡ ೧ಕ್ಕಿಂತ ಕೆಳಗಿಳಿಯದಂತೆ ನೋಡಿಕೊಂಡರೂ ಕೀಲುಗಳು ಬಹುಮಟ್ಟಿಗೆ ಉಳಿಯುತ್ತವೆಂಬುದು ಅದರಿಂದ ತಿಳಿಯಿತು. ತೀವ್ರ ರೋಗಕ್ಕೆ ಇದೇ ಸರಿಯಾದ ಚಿಕಿತ್ಸೆಯೆಂದು ವಿಶ್ವ ಹಿಮೋಫಿಲಿಯಾ ಒಕ್ಕೂಟದ ೨೦೨೦ರ ಮಾರ್ಗಸೂಚಿಯೂ ಹೇಳುತ್ತದೆ. ನಮ್ಮಲ್ಲಿ ಇನ್ನೂ ಅನೇಕ ಮನೆಗಳಲ್ಲಿ ಮೊಣಕಾಲು ಊದಿದ ಮೇಲೆಯೇ ಬಸ್ಸು ಹತ್ತುವುದು.

ಇದಕ್ಕೆ ಹಣವೆಲ್ಲಿ ಎಂದು ಕೇಳುವವರಿದ್ದಾರೆ. ಪ್ರಶ್ನೆ ಹಗುರವಾದುದಲ್ಲ, ಘಟಕಗಳ ಬೆಲೆ ನಿಜವಾಗಿಯೂ ಹೆಚ್ಚು. ಆದರೆ ಬಡ ದೇಶಗಳಲ್ಲಿ ಸಣ್ಣ ಪ್ರಮಾಣವನ್ನೇ ಕ್ರಮ ತಪ್ಪದೆ ಕೊಟ್ಟು ಕೀಲಿನ ಸ್ರಾವವನ್ನು ಎಷ್ಟೋ ಇಳಿಸಿದ್ದಾರೆ. ಒಬ್ಬ ಹುಡುಗ ಓದು ಬಿಟ್ಟು, ದುಡಿಮೆ ಬಿಟ್ಟು, ಜೀವಮಾನವೆಲ್ಲ ಗೋಡೆ ಹಿಡಿದು ನಡೆಯುವುದಕ್ಕೆ ತಗಲುವ ವೆಚ್ಚವನ್ನು ಯಾವ ಖಾತೆಯಲ್ಲಿ ಬರೆಯುತ್ತೇವೆ? ಕರ್ನಾಟಕದಲ್ಲಿ ಸರಕಾರಿ ಆಸ್ಪತ್ರೆಗಳ ಮೂಲಕ ಘಟಕಗಳನ್ನು ಉಚಿತವಾಗಿ ಕೊಡುವ ಏರ್ಪಾಡುಂಟು. ಅದು ಬಂದುದು ಕೇಳಿದವರಿದ್ದುದರಿಂದ. ಸ್ವತಃ ಈ ರೋಗವುಳ್ಳ ವೈದ್ಯರಾದ ಡಾ. ಸುರೇಶ್ ಹನಗವಾಡಿಯವರೂ ಅವರ ಸಂಗಡಿಗರೂ ದಾವಣಗೆರೆಯಲ್ಲಿ ಕಟ್ಟಿ ಬೆಳೆಸಿದ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯಂಥ ಸಂಸ್ಥೆಗಳು ರೋಗಿಗಳನ್ನು ಗುಟ್ಟಿನಿಂದ ಹೊರತಂದು ಒಗ್ಗೂಡಿಸಿದುವು. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿಯೂ ಹಿಮೋಫಿಲಿಯಾ ಸೇರಿದೆ. ೨೦೦೬ರಿಂದ ಮಂಡ್ಯದಲ್ಲಿಯೇ ಸರಕಾರಿ ವೈದ್ಯಕೀಯ ಕಾಲೇಜು ಇದೆ. ಘಟಕವನ್ನು ಅಳೆಯುವುದೂ ಕೊಡುವುದೂ ಪ್ರತಿಯೊಂದು ಜಿಲ್ಲೆಯ ಕೇಂದ್ರದಲ್ಲಿಯೇ ವರ್ಷವಿಡೀ ನಡೆಯಬೇಕು, ದಾಸ್ತಾನು ತೀರಿತೆಂಬ ಮಾತು ಬರಬಾರದು ಎಂದು ಕೇಳುವುದು ನಾಗರಿಕರ ಹಕ್ಕು.

ಹಣವೇ ಬೇಡದ ಕೆಲಸಗಳೂ ಉಂಟು. ಊದಿದ ಕೀಲನ್ನು ನೀವಬಾರದು. ತಣ್ಣನೆಯ ಬಟ್ಟೆ ಸುತ್ತಿ, ಅಲುಗಿಸದೆ ಆಸ್ಪತ್ರೆಗೆ ಒಯ್ಯಬೇಕು. ಆಸ್ಪಿರಿನ್ ಮಾತ್ರೆ ಕೊಡಬಾರದು. ಅದು ಇರುವ ಕಿರುಬಿಲ್ಲೆಗಳನ್ನೂ ಕೆಡಿಸುತ್ತದೆ. ಮಾಂಸಖಂಡಕ್ಕೆ ಸೂಜಿ ಚುಚ್ಚುವ ಮೊದಲು ವೈದ್ಯರಿಗೆ ರೋಗದ ಸಂಗತಿಯನ್ನು ಹೇಳಬೇಕು. ತಲೆಗೆ ಪೆಟ್ಟು ಬಿದ್ದರೆ ಗಾಯ ಕಾಣಲಿ ಕಾಣದಿರಲಿ ಒಂದು ಗಳಿಗೆಯೂ ಕಾಯಬಾರದು. ಹಾಗೆಂದು ಹುಡುಗನನ್ನು ಮನೆಯೊಳಗೆ ಕೂಡಿಹಾಕುವುದೂ ತಪ್ಪು. ಬಲವಾದ ಸ್ನಾಯುಗಳೇ ಕೀಲಿಗೆ ಕಾವಲು. ಘಟಕ ದೊರೆಯುವವನು ಈಜಬಹುದು, ನಡೆಯಬಹುದು, ಶಾಲೆಗೆ ದಿನವೂ ಬರಬಹುದು.

ಓದುವ ಹುಡುಗರೇ, ಹುಡುಗಿಯರೇ, ನಿಮ್ಮ ತರಗತಿಯಲ್ಲಿ ತಿಂಗಳಿಗೆ ನಾಲ್ಕು ದಿನ ಕಾಣೆಯಾಗಿ ಕುಂಟುತ್ತ ಮರಳಿ ಬರುವ ಗೆಳೆಯನಿದ್ದರೆ ಅವನನ್ನು ಹಾಸ್ಯಮಾಡುವ ಮೊದಲು ಮೊಣಕಾಲನ್ನು ನೋಡಿರಿ. ಬಿಳಿಚಿಕೊಂಡು ಆಟಕ್ಕೆ ಬಾರದ ಗೆಳತಿಯಿದ್ದರೆ ಅವಳ ಕಷ್ಟವನ್ನು ಕೇಳಿರಿ. ಮನೆಯಲ್ಲಿ ಹಿರಿಯರು ಸೊಸೆಯನ್ನು ದೂಷಿಸುವಾಗ ಎಕ್ಸ್ ಮತ್ತು ವೈಗಳ ಲೆಕ್ಕವನ್ನು ಒಂದು ಹಾಳೆಯ ಮೇಲೆ ಬರೆದು ತೋರಿಸಿರಿ. ಪರೀಕ್ಷೆಯಲ್ಲಿ ಅಂಕಗಳಿಗಾಗಿ ಬರೆಯುವ ಆ ಲೆಕ್ಕಕ್ಕೆ ಅದಕ್ಕಿಂತ ಒಳ್ಳೆಯ ಬಳಕೆಯಿಲ್ಲ. ಗೀರು ನಿಂತಿತೆಂದು ನೆತ್ತರು ನಿಂತಿತೆಂದುಕೊಳ್ಳಬೇಡಿರಿ. ಕಣ್ಣಿಗೆ ಕಾಣದೆ ಒಳಗೆ ಸುರಿಯುವುದನ್ನು ಕಾಣುವುದಕ್ಕಾಗಿಯೇ ನಾವು ವಿಜ್ಞಾನವನ್ನು ಕಲಿಯುತ್ತಿರುವುದು.